ವಳ್ಳೂರಿನಿಂದ ಕೊಟ್ಟ ಆಜ್ಞೆ

ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಹೆಸರು ಹೇಳುವುದಿಲ್ಲ. ಅದರ ಕಿಟಕಿಗೆ ಮಧುಗಿರಿಯ ಬೆಟ್ಟ ಕಾಣುತ್ತದೆ, ಬೇಸಿಗೆಯಲ್ಲಿ ಆ ಬಂಡೆಯ ಕಾವು ಕತ್ತಲಾದರೂ ಲ್ಯಾಬನ್ನು ಬಿಟ್ಟು ಹೋಗುವುದಿಲ್ಲ ಎಂದರೆ ಸಾಕು. ಆ ಲ್ಯಾಬಿಗೆ ಹೊಸ ಪವರ್ ಸಪ್ಲೈ ಬಂದಾಗ ಅಲ್ಲಿ ಕೂರಲು ನೆಟ್ಟಗಿನ ಸ್ಟೂಲುಗಳೂ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಮೊದಲು ನಕ್ಕವನು ನಾನೇ. ಪವರ್ ಸಪ್ಲೈ ಎಂದರೆ ಗೋಡೆಯ ಕರೆಂಟು ತೆಗೆದುಕೊಂಡು, ನಾವು ಕೇಳಿದಷ್ಟು ವೋಲ್ಟು, ಕೇಳಿದಷ್ಟು ಆಂಪಿಯರು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೊಡುವ ಪೆಟ್ಟಿಗೆ. ಹಳೆಯ ಪೆಟ್ಟಿಗೆಗಳನ್ನು ನಾಬ್ ತಿರುಗಿಸಿಯೇ ಕೇಳಬೇಕಿತ್ತು. ಈ ಹೊಸದರ ಮುಂದೆ ನಾಬೂ ಬಟನ್ನೂ ಇದ್ದವು, ಬೆನ್ನಿನಲ್ಲಿ ಕಂಪ್ಯೂಟರಿನ ಕೇಬಲ್ ಹಾಕುವ ಮೂರು ಬಗೆಯ ಪೋರ್ಟುಗಳೂ ಇದ್ದವು. ಅಲ್ಲಿಂದ ಸರಿಯಾದ ಆಜ್ಞೆ ಕಳಿಸಿದರೆ ಯಾರೂ ಹತ್ತಿರ ಸುಳಿಯದೆ ಅದು ತಾನಾಗಿ ಹೊತ್ತಿಕೊಳ್ಳುತ್ತಿತ್ತು, ತಾನಾಗಿ ಆರುತ್ತಿತ್ತು.

ಲ್ಯಾಬಿನ ಮೆಕ್ಯಾನಿಕ್ ಕೊರಟಗೆರೆಯವರು. ನಾನು ಅದೇ ಕಾಲೇಜಿನಲ್ಲಿ ಡಿಪ್ಲೊಮಾ ಓದಿದವನು, ನನ್ನ ಕೈಗೆ ಮೊದಲ ಸಲ ಸೋಲ್ಡರಿಂಗ್ ಐರನ್ ಕೊಟ್ಟವರು ಅವರು. ಮುಂದೆ ನಾನು ಲೆಕ್ಚರರ್ ಆಗಿ ಅಲ್ಲಿಗೇ ಬಂದಾಗ ಕಾಗದದ ಮೇಲೆ ಅವರು ನನ್ನ ಕೈಕೆಳಗಿನವರಾದರು. ಹುಡುಗರೆದುರು ನನ್ನನ್ನು ಸಾರ್ ಎನ್ನುತ್ತಿದ್ದರು, ಹುಡುಗರು ಹೋದ ಮೇಲೆ ಲೇ ಎನ್ನುತ್ತಿದ್ದರು. ನಾನು ಎರಡು ಹೊತ್ತಿನಲ್ಲೂ ಅಣ್ಣ ಎನ್ನುತ್ತಿದ್ದೆ. ಮೂವತ್ತು ವರ್ಷದ ಕೆಲಸದಲ್ಲಿ ಒಂದು ದಿನವೂ ಸ್ವಿಚ್ ಆಫ್ ಮಾಡದೆ ಅವರು ಮನೆಗೆ ಹೋಗಿರಲಿಲ್ಲ. ಬೀಗ ಹಾಕಿದ ಮೇಲೂ ಕಿಟಕಿಗೆ ಮುಖ ಆನಿಸಿ ಒಂದೊಂದೇ ಮೇಜನ್ನು ನೋಡುತ್ತಿದ್ದರು, ಅಷ್ಟರಲ್ಲಿ ಕೊರಟಗೆರೆಯ ಬಸ್ಸು ಹೊರಟುಹೋಗಿರುತ್ತಿತ್ತು. ಅದಕ್ಕೆ ನಾವೆಲ್ಲ ಅವರನ್ನು ಆಡಿಕೊಳ್ಳುತ್ತಿದ್ದೆವು.

ಅವರದು ಇನ್ನೊಂದು ಕಟ್ಟಳೆ ಇತ್ತು. ಲ್ಯಾಬಿನ ಬಾಗಿಲ ಪಕ್ಕ ಒಂದು ಸ್ಟೀಲ್ ತಟ್ಟೆ ಇಟ್ಟಿದ್ದರು. ಒಳಗೆ ಬರುವವರು ವಾಚು, ಉಂಗುರ, ಕಡಗ, ಬಳೆ, ಎಲ್ಲ ಬಿಚ್ಚಿ ಅದರಲ್ಲಿ ಹಾಕಿ ಬರಬೇಕು. ಕಬ್ಬಿಣ, ಚಿನ್ನ ಎಂದು ಕರೆಂಟಿಗೆ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ಒಮ್ಮೆ ಪ್ರಿನ್ಸಿಪಾಲರನ್ನೇ ಬಾಗಿಲಲ್ಲಿ ನಿಲ್ಲಿಸಿ ನವರತ್ನದ ಉಂಗುರ ಬಿಚ್ಚಿಸಿದ್ದರು. ತಾವು ಮಾತ್ರ ತಮ್ಮ ಸ್ಟೀಲ್ ಚೈನಿನ ವಾಚನ್ನು ತಟ್ಟೆಗೆ ಹಾಕದೆ ಬೆಳಗ್ಗೆಯೇ ಬಿಚ್ಚಿ ಅಂಗಿಯ ಜೇಬಿಗೆ ಇಳಿಸುತ್ತಿದ್ದರು.

ಹೊಸ ಪೆಟ್ಟಿಗೆಯನ್ನು ಕಂಪ್ಯೂಟರಿನಿಂದ ನಡೆಸಬೇಕೆಂಬ ಹುಚ್ಚು ಹತ್ತಿದ್ದು ನನಗೆ. ಮೊದಲ ವಾರ ಅದು ನನ್ನ ಒಂದು ಮಾತನ್ನೂ ಕೇಳಲಿಲ್ಲ. ಕೈಪಿಡಿ ಓದಿದೆ, ಆಜ್ಞೆ ಕಳಿಸುವ ವೇಗ ಬದಲಿಸಿದೆ, ಕಂಪ್ಯೂಟರನ್ನೇ ಬದಲಿಸಿದೆ. ನನ್ನ ಒದ್ದಾಟ ನೋಡಿ ನೋಡಿ ಅಣ್ಣ ಒಂದು ಸಂಜೆ ಕೇಬಲ್ ಬಿಚ್ಚಿ ಮೀಟರು ಹಿಡಿದರು. ಅವನ ಬಾಯಿ ಇವನ ಕಿವಿಗೆ ಹೋಗಬೇಕು, ಇವನ ಬಾಯಿ ಅವನ ಕಿವಿಗೆ ಹೋಗಬೇಕು, ನೀನು ಬಾಯಿಗೆ ಬಾಯಿ ಕಟ್ಟಿದ್ದೀಯ ಎಂದು ನಕ್ಕು, ಎರಡು ತಂತಿಗಳನ್ನು ಅದಲು ಬದಲು ಮಾಡಿ ಬೆಸುಗೆ ಹಾಕಿಕೊಟ್ಟರು. ಮರುಕ್ಷಣ ಪೆಟ್ಟಿಗೆ ತನ್ನ ಹೆಸರು ಹೇಳಿತು. ಆ ಪೆಟ್ಟಿಗೆಗೆ ಮಾತು ಬರಿಸಿದವರು ಅವರೇ.

ಆಮೇಲೆ ಅದನ್ನು ನಾನು ನೆಟ್‌ವರ್ಕಿಗೆ ಸೇರಿಸಿದೆ. ಸೋಲಾರ್ ಪಂಪುಗಳ ಕಂಟ್ರೋಲರುಗಳನ್ನು ಪರೀಕ್ಷೆ ಮಾಡುವ ಒಂದು ಕೆಲಸ ನಮ್ಮ ವಿಭಾಗಕ್ಕೆ ಬಂದಿತ್ತು. ಬೆಳಗಿನ ಎಳೆಬಿಸಿಲಿಂದ ಸಂಜೆಯವರೆಗೆ ಬಿಸಿಲು ಏರಿ ಇಳಿಯುವ ಹಾಗೆಯೇ ಪವರ್ ಸಪ್ಲೈ ವೋಲ್ಟನ್ನು ಏರಿಸಿ ಇಳಿಸುವಂತೆ ಪ್ರೋಗ್ರಾಂ ಬರೆದೆ. ನಡುವೆ ಹುಡುಗರು ನಾಬ್ ತಿರುಗಿಸಿ ಕೆಡಿಸದಿರಲಿ ಎಂದು ಮುಂಭಾಗದ ನಾಬು ಬಟನ್ನುಗಳಿಗೆಲ್ಲ ಕಂಪ್ಯೂಟರಿನಿಂದಲೇ ಬೀಗ ಹಾಕಿದೆ. ಆ ಬೀಗ ಇರುವಾಗ ಬಟನ್ನನ್ನು ಸುತ್ತಿಗೆಯಲ್ಲಿ ಹೊಡೆದರೂ ಔಟ್‌ಪುಟ್, ಅಂದರೆ ಹೊರಗೆ ಬರುವ ಕರೆಂಟು, ಆನ್ ಆಗುವುದಿಲ್ಲ. ಪರೀಕ್ಷೆ ನಡೆಯುವಾಗ ಮಾತ್ರ ಬೀಗ ಎಂದು ಅಣ್ಣನಿಗೆ ಹೇಳಿದ್ದೆ. ನಿಜವಾಗಿ ಬೀಗ ತೆಗೆಯುವ ಒಂದು ಸಾಲನ್ನು ಬರೆಯಲು ನನಗೆ ಸೋಮಾರಿತನ, ಅದು ಸದಾ ಹಾಗೇ ಇರುತ್ತಿತ್ತು.

ಇನ್ನೂ ಎರಡು ತಪ್ಪು ಮಾಡಿದೆ. ಕರೆಂಟು ಹೊರಬರುವ ತಾಮ್ರದ ಎರಡು ಪಟ್ಟಿಗಳು ಪೆಟ್ಟಿಗೆಯ ಬೆನ್ನಿನಲ್ಲಿದ್ದವು, ಅವಕ್ಕೆ ಪ್ಲಾಸ್ಟಿಕ್ಕಿನ ಮುಚ್ಚಳವಿತ್ತು. ಅಳತೆಯ ತಂತಿ ಕಟ್ಟುವುದಕ್ಕೆಂದು ಮುಚ್ಚಳ ತೆಗೆದವನು ತಿರುಗಿ ಹಾಕಲಿಲ್ಲ. ಜೊತೆಗೆ, ಮನೆಯಿಂದಲೂ ನಡೆಸಲು ಅನುಕೂಲವಾಗಲೆಂದು ಈ ಒಂದು ಪೆಟ್ಟಿಗೆಯ ಮೇನ್ ಸ್ವಿಚ್ ಆಫ್ ಮಾಡಬೇಡಿ ಎಂದು ಅಣ್ಣನಿಗೆ ಹೇಳಿದೆ. ಅವರು ಎರಡು ದಿನ ಗೊಣಗಿದರು, ಮೂರನೇ ದಿನ ಒಪ್ಪಿದರು. ನಾನು ಲೆಕ್ಚರರ್, ಅವರು ಮೆಕ್ಯಾನಿಕ್. ಒಪ್ಪದೆ ಏನು ಮಾಡುತ್ತಾರೆ?

ಆಯುಧಪೂಜೆ ನಮ್ಮಲ್ಲಿ ಎರಡು ಸಲ ನಡೆಯುತ್ತದೆ. ಹಬ್ಬದ ದಿನ ರಜೆಯಾದ್ದರಿಂದ ಆಫೀಸಿನ ಪೂಜೆಯನ್ನು ಹಿಂದಿನ ದಿನವೇ ಮುಗಿಸಿಬಿಡುತ್ತಾರೆ. ಬೂದುಗುಂಬಳಕಾಯಿ ಒಡೆದು, ಪುರಿ ಸಿಹಿ ಹಂಚಿ, ಮಧ್ಯಾಹ್ನಕ್ಕೆ ಎಲ್ಲರೂ ಊರಿನ ಬಸ್ಸು ಹಿಡಿಯುತ್ತಾರೆ. ಆ ವರ್ಷವೂ ಹಾಗೇ ಆಯಿತು, ನಾನು ಪಾವಗಡದ ಬಸ್ಸು ಹತ್ತಿ ವಳ್ಳೂರಿಗೆ, ಅಕ್ಕನ ಮನೆಗೆ ಹೋದೆ. ಅಣ್ಣನಿಗೆ ಈ ಆಫೀಸಿನ ಪೂಜೆ ಪೂಜೆಯೇ ಅಲ್ಲವಂತೆ. ಪ್ರತಿ ವರ್ಷ ನಿಜವಾದ ಹಬ್ಬದ ದಿನ ಬೆಳಗ್ಗೆ ತಲೆಗೆ ಸ್ನಾನ ಮಾಡಿ, ಮಡಿಪಂಚೆ ಉಟ್ಟು, ಸೇವಂತಿಗೆ ಹೂವಿನೊಂದಿಗೆ ಕೊರಟಗೆರೆಯಿಂದ ಬಸ್ಸಿನಲ್ಲಿ ಬಂದು, ವಾಚ್‌ಮನ್ ಕೈಲಿ ಬಾಗಿಲು ತೆಗೆಸಿ, ಪ್ರತಿಯೊಂದು ಉಪಕರಣವನ್ನೂ ಒರೆಸಿ ಕುಂಕುಮವಿಟ್ಟು ಹೋಗುತ್ತಿದ್ದರಂತೆ. ಓದುವಾಗಲೂ ಆಮೇಲೂ ಜೊತೆಗಿದ್ದ ನನಗೆ ಇದು ಗೊತ್ತಿರಲಿಲ್ಲ. ಹಬ್ಬಕ್ಕೆ ನಾನು ಯಾವತ್ತೂ ಮಧುಗಿರಿಯಲ್ಲಿ ಇದ್ದವನಲ್ಲ.

ವಳ್ಳೂರಿನಲ್ಲಿ ಬಾವ ಸೋಲಾರ್ ಪಾರ್ಕಿನಲ್ಲಿ ಸೆಕ್ಯೂರಿಟಿ. ರಾತ್ರಿ ಪಾಳಿ ಮುಗಿಸಿ ಬಂದವರು ಹೋಳಿಗೆಗೆ ಕಾಯುತ್ತಾ ಜಗಲಿಯಲ್ಲಿ ಕೂತಿದ್ದರು. ನಿನ್ನ ಕಾಲೇಜಿನಲ್ಲಿ ಏನು ಮಾಡುತ್ತೀಯ ಎಂದು ಅವರು ಸುಮ್ಮನೆ ಕೇಳಿದ್ದು. ಸುಮ್ಮನೆ ಉತ್ತರ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಜಂಬ. ಲ್ಯಾಪ್‌ಟಾಪ್ ತೆಗೆದು, ಇಲ್ಲಿ ಕೂತು ಮಧುಗಿರಿಯ ಯಂತ್ರ ಓಡಿಸುತ್ತೇನೆ ನೋಡಿ ಎಂದೆ.

"ಏಮಪ್ಪಾ, ಪಂಡಗ ದಿನಾನೂ ಅದಕ್ಕೆ ರಜ ಕೊಡಲ್ವಾ?" ಎಂದರು ಬಾವ, ಹಬ್ಬಕ್ಕೆ ಪಂಡಗ ಎನ್ನುವ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ. ಆಯುಧಪೂಜೆಯ ದಿನ ಅವರು ತಮ್ಮ ಸೈಕಲ್ಲನ್ನೂ ಹತ್ತುವವರಲ್ಲ.

ಮೇಜಿನ ಮೇಲೆ ಕೂತ ಪೆಟ್ಟಿಗೆಗೆ ಎಂಥ ಹಬ್ಬ ಎಂದು ನಾನು ನಕ್ಕೆ. ನಲವತ್ತು ವೋಲ್ಟು, ನಲವತ್ತು ಆಂಪಿಯರಿನ ಮಿತಿ, ಔಟ್‌ಪುಟ್ ಆನ್. ಪರದೆಯ ಮೇಲೆ ವೋಲ್ಟು ನಲವತ್ತಕ್ಕೆ ಏರಿತು. ಬಾವ ಬಗ್ಗಿ ನೋಡಿದರು. ಹೆಚ್ಚೆಂದರೆ ಅರ್ಧ ನಿಮಿಷ ಕಳೆದಿರಬೇಕು, ವೋಲ್ಟು ಇದ್ದಕ್ಕಿದ್ದಂತೆ ಎರಡಕ್ಕೆ ಕುಸಿಯಿತು, ಆಂಪಿಯರು ಪೂರ್ತಿ ನಲವತ್ತು ತೋರಿಸಿತು. ಎಲ್ಲೋ ಶಾರ್ಟ್ ಆಗಿದೆ, ಹುಡುಗರು ತಂತಿ ಸರಿಯಾಗಿ ಕಟ್ಟಿಲ್ಲ ಎಂದು ಗೊಣಗಿಕೊಂಡು, ಬಾವನ ಎದುರು ಹೀಗಾಯಿತಲ್ಲ ಎಂದು ನಾಚಿಕೊಂಡು, ಆಮೇಲೆ ಔಟ್‌ಪುಟ್ ಆಫ್ ಮಾಡಿದೆ. ನಾಲ್ಕು ಸೆಕೆಂಡು. ಪ್ರೋಗ್ರಾಂ ಸೆಕೆಂಡಿಗೊಂದು ಸಾಲು ಬರೆದಿಡುತ್ತಿತ್ತು, ಆ ಕಡತದಲ್ಲಿ ಅಂಥ ಸಾಲುಗಳು ನಾಲ್ಕು ಇವೆ.

ಅಷ್ಟು ಹೊತ್ತಿನಲ್ಲಿ ಮಧುಗಿರಿಯ ಲ್ಯಾಬಿನಲ್ಲಿ ಅಣ್ಣ ಪೆಟ್ಟಿಗೆಯ ಮುಂಭಾಗ ಒರೆಸಿ, ಕುಂಕುಮವಿಟ್ಟು, ಬೆನ್ನಿನ ದೂಳು ತೆಗೆಯಲು ಎಡಗೈ ಹಿಂದಕ್ಕೆ ಹಾಕಿದ್ದರು. ಮಣಿಕಟ್ಟಿನಲ್ಲಿ ಸ್ಟೀಲ್ ಚೈನಿನ ವಾಚು ಇತ್ತು. ಆವತ್ತು ಅವರು ಕೆಲಸಕ್ಕೆ ಬಂದಿರಲಿಲ್ಲ, ಪೂಜೆಗೆ ಬಂದಿದ್ದರು. ಹಬ್ಬದ ದಿನ ಅದು ಯಂತ್ರವಲ್ಲ, ದೇವರು. ದೇವರ ಮುಂದೆ ವಾಚು ಬಿಚ್ಚಿಡಬೇಕೆಂದು ಯಾರಿಗೆ ಹೊಳೆಯುತ್ತದೆ? ಚೈನು ಎರಡು ಪಟ್ಟಿಗಳಿಗೂ ತಾಗಿ, ಕರೆಂಟು ಅದರಲ್ಲಿ ಹರಿದು, ಕೆಂಡವಾಯಿತು. ಕೈ ಎಳೆದುಕೊಳ್ಳಲು ನೋಡಿದರೆ ಚೈನು ಅಳತೆಯ ತಂತಿಗೆ ಸಿಕ್ಕಿಕೊಂಡಿತ್ತಂತೆ. ಅವರು ಮನೆಯ ದೇವರನ್ನು ಕೂಗಿದ್ದು ಗೇಟಿನವರೆಗೂ ಕೇಳಿಸಿತೆಂದು ವಾಚ್‌ಮನ್ ಆಮೇಲೆ ಹೇಳಿದ.

ಪ್ರಿನ್ಸಿಪಾಲರ ಫೋನು ಬಂದಾಗ ನಾನು ಊಟ ಮಾಡುತ್ತಿದ್ದೆ. ಮೆಕ್ಯಾನಿಕ್ ಒರೆಸುವಾಗ ಬಟನ್ ಒತ್ತಿಬಿಟ್ಟಿದ್ದಾರೆ, ಮಣಿಕಟ್ಟು ಸುಟ್ಟಿದೆ, ತುಮಕೂರಿಗೆ ಕರೆದುಕೊಂಡು ಹೋಗಿದ್ದಾರೆ ಎಂದರು. ನನಗೆ ಆ ಕ್ಷಣಕ್ಕೆ ಎಲ್ಲವೂ ತಿಳಿಯಿತು. ಅಯ್ಯೋ ಎಂದೆ. ಆನ್ ಮಾಡಿದವನು ನಾನು ಎಂದು ಹೇಳಲಿಲ್ಲ. ಕೈ ತೊಳೆದು ಎದ್ದವನನ್ನು ಅಕ್ಕ ಹೋಳಿಗೆ ಬಿಟ್ಟು ಎದ್ದೆಯಲ್ಲ ಎಂದು ಬೈದಳು.

ಆಸ್ಪತ್ರೆಯಲ್ಲಿ ಅವರ ಕೈಗೆ ಮೊಣಕೈವರೆಗೆ ಬ್ಯಾಂಡೇಜು ಸುತ್ತಿದ್ದರು. ಚೈನಿನ ಕಾವು ಮಣಿಕಟ್ಟಿನ ನರಕ್ಕೂ ಇಳಿದಿತ್ತು, ಹೆಬ್ಬೆರಳಿಗೂ ತೋರುಬೆರಳಿಗೂ ಸ್ಪರ್ಶ ಮರಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅವರ ಹೆಂಡತಿ ಕಾಫಿ ತರಲು ಹೋದಾಗ ಅಣ್ಣ ನನ್ನನ್ನು ಹತ್ತಿರ ಕರೆದರು. ನೋವಿನ ಮಾತು ತೆಗೆಯಲಿಲ್ಲ.

"ಲೇ, ಆ ಬಟನ್ನು ಅಷ್ಟು ಮೆತ್ತಗೈತೇನ್ಲಾ? ನಾನು ಒತ್ತಿದ್ದು ನಂಗೇ ಗೊತ್ತಾಗ್ಲಿಲ್ವಲ್ಲ."

ಪೂಜೆಗೆ ಮೊದಲು ಔಟ್‌ಪುಟ್ ದೀಪ ಆರಿರುವುದನ್ನು ಅವರು ಕಣ್ಣಾರೆ ನೋಡಿದ್ದರು. ಒರೆಸಿದ್ದು ನೆನಪಿತ್ತು, ಒತ್ತಿದ್ದು ಮಾತ್ರ ನೆನಪಿರಲಿಲ್ಲ. ನನ್ನ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಅವರ ಮುಖ ನೋಡಿಕೊಂಡೇ ನಾನು ಹೇಳಿದೆ, "ಹೌದಣ್ಣ, ಮೆತ್ತಗೈತೆ."

ಒಂದು ಸುಳ್ಳನ್ನು ಮುಚ್ಚಲು ನೂರು ಸುಳ್ಳು ಬೇಕೆನ್ನುತ್ತಾರೆ. ನನಗೆ ಅಷ್ಟೂ ಬೇಕಾಗಲಿಲ್ಲ. ವಿಚಾರಣೆಯಲ್ಲಿ, ಬಟನ್ ಒತ್ತಿದರೆ ಔಟ್‌ಪುಟ್ ಆನ್ ಆಗುತ್ತದೆಯೇ ಎಂದು ಪ್ರಿನ್ಸಿಪಾಲರು ಕೇಳಿದರು. ಆಗುತ್ತೆ ಸಾರ್ ಎಂದೆ. ಬೀಗದ ಮಾತು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಸಿಬ್ಬಂದಿಯ ಅಜಾಗರೂಕತೆ ಎಂದು ಫೈಲಿನಲ್ಲಿ ಬರೆದರು. ಕಿಟಕಿಗೆ ಮುಖ ಆನಿಸಿ ಸ್ವಿಚ್ಚು ನೋಡುತ್ತಿದ್ದ ಮನುಷ್ಯನ ಹೆಸರಿನ ಮುಂದೆ ಆ ಪದ ಬಂತು. ನಾನು ಮರುದಿನವೇ ಪಟ್ಟಿಗಳಿಗೆ ಮುಚ್ಚಳ ಹಾಕಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು ಅದು.

ನಾಲ್ಕು ತಿಂಗಳಿಗೆ ಅವರು ರಿಟೈರ್ ಆದರು. ಬೀಳ್ಕೊಡುಗೆಯಲ್ಲಿ ನನ್ನಿಂದಲೇ ಭಾಷಣ ಮಾಡಿಸಿದರು. ಶಿಸ್ತು, ನಿಷ್ಠೆ ಎಂದೆಲ್ಲ ಹೇಳಿದೆ, ಚಪ್ಪಾಳೆ ಬಿತ್ತು. ಹಾರ ಹಾಕುವಾಗ ಅವರು ತಲೆ ತಗ್ಗಿಸಿಯೇ ನಿಂತಿದ್ದರು, ಸಂಕೋಚ ಎಂದುಕೊಂಡೆ. ರಿಟೈರ್ ಆದಮೇಲೆ ಕೊರಟಗೆರೆಯಲ್ಲಿ ಮಿಕ್ಸಿ, ಮೋಟಾರು ರಿಪೇರಿಯ ಅಂಗಡಿ ತೆರೆಯಬೇಕೆಂಬುದು ಅವರ ಬಹುದಿನದ ಆಸೆ. ಕೈ ಹೋಯಿತು, ಅಂಗಡಿಯೂ ಹೋಯಿತು ಎಂದು ನಾನು ದುಃಖಪಟ್ಟೆ. ಒಂದು ಕೈ ಹೋಗಿದೆ, ಉಳಿದಂತೆ ಚೆನ್ನಾಗಿದ್ದಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಫೋನು ಮಾಡುವುದನ್ನು ಕಡಿಮೆ ಮಾಡಿದೆ, ಆಮೇಲೆ ನಿಲ್ಲಿಸಿದೆ.

ಆ ವರ್ಷದ ಗಣೇಶನ ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಮಧುಗಿರಿಯ ಬಸ್ ಸ್ಟ್ಯಾಂಡಿನಲ್ಲಿ ಅತ್ತಿಗೆ ಸಿಕ್ಕರು. ಅಣ್ಣನ ಹೆಂಡತಿಯನ್ನು ನಾನು ಕರೆಯುವುದು ಹಾಗೆ. ಕೈ ಹೇಗಿದೆ ಎಂದು ಕೇಳಿದೆ. ಕೈಗೆ ಏನೋ ಅಭ್ಯಾಸವಾಗಿದೆ ಎಂದರು. ಯಾರಾದರೂ ಕೇಳಿಸಿಕೊಳ್ಳುತ್ತಾರೇನೋ ಎಂದು ಹಿಂದೆ ಮುಂದೆ ನೋಡಿ ಮಾತು ತೆಗೆದರು.

"ಅವ್ರಿಗೆ ತಲೆ ಕೆಟ್ಟೋಯ್ತು ಅನ್ನೋ ಭಯ ಹೊಕ್ಬುಟ್ಟೈತೆ ಕಣಪ್ಪ. ಒತ್ತಿದ್ದು ನೆನಪಿಲ್ಲ ಅಂದ್ರೆ ಇನ್ನೇನೇನು ಮರ್ತಿದೀನೋ ಅಂತ ಅಳ್ತಾರೆ."

ಮಿಕ್ಕದ್ದನ್ನು ಅವರು ಬಸ್ಸು ಬರುವವರೆಗೂ ಹೇಳಿದರು. ಅಣ್ಣ ಮನೆಯಲ್ಲಿ ಒಂದು ಸ್ವಿಚ್ಚನ್ನೂ ಮುಟ್ಟುತ್ತಿರಲಿಲ್ಲ. ಒಲೆ ಹಚ್ಚುತ್ತಿರಲಿಲ್ಲ, ಗಾಡಿ ತೆಗೆಯುತ್ತಿರಲಿಲ್ಲ. ಅಂಗಡಿಗೆ ಮಳಿಗೆ ಕೊಡುತ್ತೇನೆಂದವರಿಗೆ, ನನ್ನ ಮರೆವಿನಿಂದ ಯಾರ ಮನೆಗೋ ಬೆಂಕಿ ಬಿದ್ದೀತು ಎಂದು ಕೈ ಮುಗಿದು ಕಳಿಸಿದ್ದರು. ಒಂದು ಕೈಯಲ್ಲೇ ನಡೆಸುತ್ತೇನೆಂದು ಮೊದಲು ಹಟ ಹಿಡಿದಿದ್ದವರು ಅವರು. ಮರೆವಿನ ಡಾಕ್ಟರಿಗೆ ತೋರಿಸಲು ಅತ್ತಿಗೆ ತುಮಕೂರಿಗೆ ಎರಡು ಸಲ ಕರೆದುಕೊಂಡು ಹೋಗಿದ್ದರು. ಡಾಕ್ಟರು ಏನೂ ಇಲ್ಲ ಎಂದರೆ, ಅವರಿಗೇನು ಗೊತ್ತು, ನನ್ನ ಕೈಯೇ ಸಾಕ್ಷಿ ಎಂದು ಸುಟ್ಟ ಗಾಯ ತೋರಿಸುತ್ತಿದ್ದರಂತೆ.

ನಾನು ಅಷ್ಟು ದಿನ ಅವರ ಕೈಯ ಲೆಕ್ಕವನ್ನು ಮಾತ್ರ ಹಾಕಿದ್ದೆ. ನಾನು ಹೇಳಿದ ಒಂದು ಮಾತು ಅವರ ತಲೆಯೊಳಗೆ ಕೂತು ದಿನವೂ ತಿನ್ನುತ್ತಿತ್ತು, ನಾನು ಪಾಠ ಮಾಡಿಕೊಂಡು, ಸಂಬಳ ತೆಗೆದುಕೊಂಡು ಓಡಾಡುತ್ತಿದ್ದೆ. ಆ ದಿನ ನನಗೆ ನನ್ನ ಮೇಲೆ ಹುಟ್ಟಿದ ಹೇಸಿಗೆ ಇನ್ನೂ ಹೋಗಿಲ್ಲ.

ಪ್ರಿನ್ಸಿಪಾಲರಿಗೆ ಎಲ್ಲವನ್ನೂ ಬರೆದುಕೊಟ್ಟೆ. ನೋಟಿಸು ಬಂತು, ಪ್ರೊಬೇಷನ್ ಮುಂದಕ್ಕೆ ಹೋಯಿತು, ಸಿರಾ ಕಡೆಗೆ ವರ್ಗ ಎಂಬ ಮಾತೂ ಹುಟ್ಟಿತು. ಯಾವುದೂ ನನಗೆ ಶಿಕ್ಷೆ ಅನ್ನಿಸಲಿಲ್ಲ. ಬರೆದುಕೊಟ್ಟ ವಾರದ ಭಾನುವಾರವೇ ಕೊರಟಗೆರೆಗೆ ಹೋಗಿದ್ದೆ.

ಅಣ್ಣ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಸೊರಗಿದ್ದರು. ನನ್ನನ್ನು ಕಂಡು ಮುಖ ಅರಳಿಸಿ, ಬಾರ್ಲಾ, ಎಷ್ಟು ದಿನ ಆಯ್ತು ಎಂದರು. ಫ್ಯಾನು ಹಾಕಲು ಅತ್ತಿಗೆಯನ್ನು ಕರೆದರು, ಸ್ವಿಚ್ಚು ಅವರ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇತ್ತು. ನಾನು ಕೂರಲಿಲ್ಲ. ನಿಂತೇ ಹೇಳಿದೆ: ವಳ್ಳೂರಿನ ಜಗಲಿ, ಬಾವ, ನನ್ನ ಜಂಬ, ನಾಲ್ಕು ಸೆಕೆಂಡು. ಆ ಬಟನ್ನಿಗೆ ನಾನು ಬೀಗ ಹಾಕಿದ್ದೆ, ನೀವು ಒತ್ತಿದ್ದರೂ ಅದು ಆನ್ ಆಗುತ್ತಿರಲಿಲ್ಲ ಎಂದೆ.

ಅವರು ಬೈಯಲಿಲ್ಲ. ಒಳಗೆ ಹೋಗಿದ್ದ ಅತ್ತಿಗೆಯನ್ನು ಕೂಗಿದರು. "ಇನ್ನೊಂದ್ಸತಿ ಹೇಳು. ಇವ್ಳೂ ಕೇಳ್ಲಿ."

ಹೇಳಿದೆ. ಅತ್ತಿಗೆ ಹೊಸ್ತಿಲ ಮೇಲೆ ಕುಸಿದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಒಂದು ವರ್ಷ ಯಾಕಪ್ಪ ಸುಮ್ಮನಿದ್ದೆ ಎಂದು ಕೇಳಿದರು. ಹೆದರಿದ್ದೆ ಅತ್ತಿಗೆ ಎಂದೆ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ನನ್ನ ಹತ್ತಿರ ಇರಲಿಲ್ಲ. ಅಣ್ಣ ಅಷ್ಟಕ್ಕೇ ಬಿಡಲಿಲ್ಲ, ಪಕ್ಕದ ಮನೆಯಿಂದ ತಮ್ಮನನ್ನು ಕರೆಸಿದರು. ಅವನೆದುರೂ ಮೊದಲಿನಿಂದ ಹೇಳು ಎಂದರು. ಮೂರನೆಯ ಸಲ ಹೇಳುವಾಗ ಗಮನಿಸಿದೆ, ನನ್ನ ತಪ್ಪಿನ ಕಥೆಯೆಲ್ಲ ಅವರಿಗೆ ಬೇಕಿರಲಿಲ್ಲ. ನೀವು ಒತ್ತಿದ್ದರೂ ಆನ್ ಆಗುತ್ತಿರಲಿಲ್ಲ ಎನ್ನುವ ಮಾತು ಬಂದಾಗ ಮಾತ್ರ ಅವರ ತುಟಿಯೂ ನನ್ನ ಜೊತೆ ಆಡುತ್ತಿತ್ತು.

"ನೋಡ್ರಲಾ, ನಾನು ಮರ್ತಿರ್ಲಿಲ್ಲ," ಎಂದರು. ಹೆಂಡತಿಗೆ ಒಮ್ಮೆ, ತಮ್ಮನಿಗೆ ಒಮ್ಮೆ ಹೇಳಿದರು. ಹೇಳುತ್ತಲೇ ಅತ್ತರು. ಅಷ್ಟು ಹಿರಿಯ ಮನುಷ್ಯ ತಾನು ಸರಿಯಿದ್ದೇನೆ ಎಂದು ಗೊತ್ತಾಗಿ ಅಳುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ನಾನು ಬಗ್ಗಿ ಕಾಲು ಮುಟ್ಟಲು ಹೋದೆ. ಅವರು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.

"ಕೈ ಸುಟ್ಟಿದ್ದಕ್ಕೆ ನಂಗೆ ಸಿಟ್ಟಿಲ್ಲ ಕಣ್ಲಾ. ನಾನು ಅಲ್ಲಿರೋದು ನಿಂಗೆ ಗೊತ್ತಿರ್ಲಿಲ್ಲ. ಆದ್ರೆ ತಲೆ ಕೆಟ್ಟೋಯ್ತು ಅಂತ ನಾನು ಸಾಯ್ತಿದ್ದಾಗ, ಇಲ್ಲ ಅನ್ನೋದು ಇಡೀ ಲೋಕದಾಗೆ ನಿಂಗೊಬ್ನಿಗೇ ಗೊತ್ತಿತ್ತು."

ನಾನು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡೆ. ಬೇಕೆಂದೇ ನಿಧಾನವಾಗಿ ಮೆಟ್ಟಿಕೊಂಡೆ. ಆ ಮನೆಯಿಂದ ಊಟವಿಲ್ಲದೆ ನಾನು ಯಾವತ್ತೂ ಹೊರಟವನಲ್ಲ, ಅತ್ತಿಗೆ ಗೇಟಿನವರೆಗೆ ಬರದೆ ಬಿಟ್ಟವರಲ್ಲ. ಒಳಗೆ ಮೂವರೂ ಇದ್ದರು. ಹೋಗಿ ಬಾ ಎಂದು ಯಾರೂ ಹೇಳಲಿಲ್ಲ.